ಓದುಗರ ಪ್ರಶ್ನೆ: ಕ್ಯಾಂಪ್ ಶುರುವಾದ ಕೂಡಲೇ ಆಫೆನ್ಸಿವ್ ಲೈನ್ ಬಗ್ಗೆ ಇಷ್ಟು ಆತಂಕ ಯಾಕೆ?

ಪ್ರಶ್ನೆ: ನಾವು ಕ್ಯಾನ್ಸಸ್ ಸಿಟಿ ಕಡೆಗೆ ಬಂದು ಎರಡು ವರ್ಷ ಆಯಿತು. ಮಗನ ದೆಸೆಯಿಂದ ಮನೆಯವರಿಗೆಲ್ಲ ಇಲ್ಲಿನ ಅಮೆರಿಕನ್ ಫುಟ್‌ಬಾಲ್ ತಂಡ ಚೀಫ್ಸ್ ಹುಚ್ಚು ಹಿಡಿದಿದೆ. ಆದರೆ ಜುಲೈ ಕೊನೆಗೆ ಟ್ರೇನಿಂಗ್ ಕ್ಯಾಂಪ್ ಶುರುವಾಯಿತೆಂದರೆ ಎಲ್ಲರ ಬಾಯಲ್ಲೂ ಒಂದೇ ಮಾತು: ಈ ಸಲ ಲೈನ್ ಏನಾಗುತ್ತೋ, ಎಡ ಟ್ಯಾಕಲ್ ಯಾರೋ. ಚೆಂಡು ಎಸೆದು ಆಟ ನಡೆಸುವ ಮಹೋಮ್ಸ್‌ನಂಥ ಕ್ವಾರ್ಟರ್‌ಬ್ಯಾಕ್ ಇರುವಾಗ ಅವನ ಮುಂದೆ ನಿಲ್ಲುವ ಐದು ಜನರ ಬಗ್ಗೆ ಇಷ್ಟು ತಲೆಬಿಸಿ ಯಾಕೆ? ಒಬ್ಬ ಹೋದರೆ ಇನ್ನೊಬ್ಬನನ್ನು ನಿಲ್ಲಿಸಿದರೆ ಆಯಿತಲ್ಲವೇ?

ಉತ್ತರ: ನಿಮ್ಮ ಕೊನೆಯ ಸಾಲನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಈ ಪ್ರಶ್ನೆಯನ್ನು ನನಗೆ ಎಷ್ಟೋ ಜನ ಕೇಳಿದ್ದಾರೆ, ಎಲ್ಲರೂ ಕೊನೆಗೆ ಬಂದು ನಿಲ್ಲುವುದು ಇಲ್ಲೇ. ದೂರದಲ್ಲಿ ಒಬ್ಬನೇ ಓಡಿಹೋಗಿ ಚೆಂಡು ಹಿಡಿಯುವ ರಿಸೀವರ್ ವಿಷಯದಲ್ಲಿ ‘ಒಬ್ಬ ಹೋದರೆ ಇನ್ನೊಬ್ಬ’ ಎನ್ನುವುದು ಬಹುಮಟ್ಟಿಗೆ ನಡೆಯುತ್ತದೆ. ಲೈನ್‌ನಲ್ಲಿ ನಡೆಯುವುದಿಲ್ಲ. ಅಲ್ಲಿ ಐವರು ಮೊಣಕೈ ತಾಗುವಷ್ಟು ಹತ್ತಿರ ನಿಂತು ಒಂದೇ ಕೆಲಸವನ್ನು ಹಂಚಿಕೊಂಡು ಮಾಡುತ್ತಾರೆ. ಒಬ್ಬನನ್ನು ಬದಲಿಸಿದರೆ ಅವನ ಎಡಗಡೆಯವನ ಲೆಕ್ಕ ತಪ್ಪುತ್ತದೆ, ಬಲಗಡೆಯವನದೂ ತಪ್ಪುತ್ತದೆ. ಉಳುಮೆ ನೋಡಿ ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಜೋಡಿಯ ಒಂದು ಎತ್ತನ್ನು ಮಾರಿ ಅದಕ್ಕಿಂತ ಬಲವಾದ ಇನ್ನೊಂದನ್ನು ತಂದು ಕಟ್ಟಿದರೂ ನೊಗ ಸಮಕ್ಕೆ ಬರಲು ದಿನ ಹಿಡಿಯುತ್ತದೆ. ಅಲ್ಲಿಯವರೆಗೆ ಎತ್ತು ಏರಿಗೆ, ಕೋಣ ನೀರಿಗೆ.

ಟ್ರೇನಿಂಗ್ ಕ್ಯಾಂಪ್ ಎಂದರೆ ಆ ನೊಗ ಸಮ ಮಾಡಿಕೊಳ್ಳಲು ಸಿಗುವ ದಿನಗಳು. ಜನ ಆತಂಕಪಡುವುದು ಸುಮ್ಮಸುಮ್ಮನೆ ಅಲ್ಲ. ಆದರೆ ಎಲ್ಲ ಆತಂಕವೂ ಒಂದೇ ತೂಕದ್ದಲ್ಲ. ಯಾವುದಕ್ಕೆ ಹೆದರಬೇಕು, ಯಾವುದನ್ನು ಬಿಟ್ಟುಬಿಡಬಹುದು ಎನ್ನುವುದನ್ನು ಚೀಫ್ಸ್ ತಂಡದ ಎರಡು ಕ್ಯಾಂಪ್‌ಗಳನ್ನೇ ಇಟ್ಟುಕೊಂಡು ಹೇಳುತ್ತೇನೆ, 2021ರದ್ದು ಮತ್ತು 2024ರದ್ದು. ಅದಕ್ಕೆ ಮುಂಚೆ ಆ ಐವರ ಕೆಲಸ ಏನೆಂದು ಸ್ವಲ್ಪ ನೋಡೋಣ.

ಎದುರಾಳಿಗಳು ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗದಂತೆ ತಡೆಯುವುದು ಇವರ ಮುಖ್ಯ ಕೆಲಸ. ನಡುವೆ ಸೆಂಟರ್. ಅವನ ಎರಡು ಬದಿಗೆ ಎಡ ಗಾರ್ಡ್, ಬಲ ಗಾರ್ಡ್. ಎರಡು ತುದಿಗೆ ಎಡ ಟ್ಯಾಕಲ್, ಬಲ ಟ್ಯಾಕಲ್. ಬೆನ್ನ ಮೇಲೆ 50ರಿಂದ 79ರೊಳಗಿನ ಅಂಕಿ. ಈ ಅಂಕಿಯವರು ಅಂಪೈರ್‌ಗಳಿಗೆ ಮೊದಲೇ ಹೇಳಿ ಬರದ ಹೊರತು ಮುಂದಕ್ಕೆ ಎಸೆದ ಚೆಂಡನ್ನು ಹಿಡಿಯುವ ಹಾಗಿಲ್ಲ. ಹಾಗಾಗಿ ಸ್ಕೋರ್‌ಬೋರ್ಡಿನಲ್ಲಿ ಇವರ ಹೆಸರು ಕಾಣುವುದು ತಪ್ಪು ಮಾಡಿದಾಗಲೇ. ಎದುರಿನವನನ್ನು ಜಗ್ಗಿ ಹಿಡಿದರೆ ಹೋಲ್ಡಿಂಗ್, 10 ಯಾರ್ಡ್ ದಂಡ. ಚೆಂಡು ಕದಲುವ ಮೊದಲೇ ಅಲುಗಿದರೆ ಫಾಲ್ಸ್ ಸ್ಟಾರ್ಟ್, 5 ಯಾರ್ಡ್. ಬಲಗೈಯಲ್ಲಿ ಎಸೆಯುವ ಕ್ವಾರ್ಟರ್‌ಬ್ಯಾಕ್‌ನ ಬೆನ್ನು ಎಡಗಡೆಗೆ ತಿರುಗಿರುತ್ತದೆ, ಆ ಕಡೆಯಿಂದ ಬರುವವನು ಅವನಿಗೆ ಕಾಣುವುದಿಲ್ಲ. ಎಡ ಟ್ಯಾಕಲ್ ಕೆಲಸಕ್ಕೆ ಅಷ್ಟು ಬೆಲೆ ಅದಕ್ಕೇ.

ಸೆಂಟರ್ ಚೆಂಡನ್ನು ಕಾಲುಗಳ ನಡುವಿನಿಂದ ಹಿಂದಕ್ಕೆ ಕೊಟ್ಟ ಗಳಿಗೆಯಿಂದ ಕ್ವಾರ್ಟರ್‌ಬ್ಯಾಕ್ ಅದನ್ನು ಎಸೆಯುವವರೆಗೆ ಸಾಮಾನ್ಯವಾಗಿ ಎರಡೂವರೆ ಮೂರು ಸೆಕೆಂಡು. ಅಷ್ಟರಲ್ಲಿ ಏನು ನಡೆಯುತ್ತದೆ ಎನ್ನುವುದಕ್ಕೆ ಒಂದೇ ಒಂದು ಉದಾಹರಣೆ ಕೊಡುತ್ತೇನೆ. ಇದನ್ನು ಒಮ್ಮೆ ಕಣ್ಣಿಗೆ ತಂದುಕೊಂಡರೆ ಮುಂದಿನದೆಲ್ಲ ತಾನಾಗಿ ಅರ್ಥವಾಗುತ್ತದೆ.

ಎಡ ಗಾರ್ಡ್ ಎದುರು ಒಬ್ಬ, ಎಡ ಟ್ಯಾಕಲ್ ಎದುರು ಇನ್ನೊಬ್ಬ ನಿಂತಿದ್ದಾರೆ ಎನ್ನಿ. ಸ್ನ್ಯಾಪ್ ಆಯಿತು, ಅಂದರೆ ಸೆಂಟರ್ ಚೆಂಡನ್ನು ಹಿಂದಕ್ಕೆ ಕೊಟ್ಟ. ಗಾರ್ಡ್ ಎದುರಿನ ದಢೂತಿ ನೇರವಾಗಿ ನುಗ್ಗದೆ ಓರೆಯಾಗಿ ಟ್ಯಾಕಲ್ ಕಡೆಗೆ ನುಗ್ಗುತ್ತಾನೆ. ಅದೇ ಹೊತ್ತಿಗೆ ಟ್ಯಾಕಲ್ ಎದುರಿನವನು ಒಂದು ಹೆಜ್ಜೆ ಮುಂದಿಟ್ಟ ಹಾಗೆ ಮಾಡಿ, ತನ್ನ ಗೆಳೆಯನ ಬೆನ್ನ ಹಿಂದಿನಿಂದ ಸುತ್ತು ಹಾಕಿ, ಗಾರ್ಡ್ ಬಿಟ್ಟ ಸಂದಿಗೆ ಬರುತ್ತಾನೆ. ಇದಕ್ಕೆ ಸ್ಟಂಟ್ ಎನ್ನುತ್ತಾರೆ. ಈಗ ಗಾರ್ಡ್ ಏನು ಮಾಡಬೇಕು? ತನ್ನವನನ್ನು ಬೆನ್ನಟ್ಟಿ ಹೋದರೆ ಗಾರ್ಡ್, ಟ್ಯಾಕಲ್ ಇಬ್ಬರೂ ಒಬ್ಬನಿಗೇ ಅಂಟಿಕೊಳ್ಳುತ್ತಾರೆ, ಸುತ್ತಿ ಬಂದವನಿಗೆ ದಾರಿ ಸಲೀಸು. ಆದ್ದರಿಂದ ಗಾರ್ಡ್ ತನ್ನವನನ್ನು ಅಂಗೈಯಿಂದ ಟ್ಯಾಕಲ್ ಕಡೆಗೆ ತಳ್ಳಿ ಒಪ್ಪಿಸಿ, ಕಣ್ಣು ಒಳಗೆ ಹೊರಳಿಸಿ, ಬರಲಿರುವ ಎರಡನೆಯವನಿಗೆ ಕಾದು ನಿಲ್ಲಬೇಕು. ಟ್ಯಾಕಲ್ ಕೂಡ ತನ್ನವನನ್ನು ಬಿಟ್ಟುಕೊಟ್ಟು ಹೊಸಬನನ್ನು ಹಿಡಿದುಕೊಳ್ಳಬೇಕು. ಈ ಕೊಡುಕೊಳ್ಳುವಿಕೆ ಅರ್ಧ ಸೆಕೆಂಡಿನದು. ಬಾಯಿಬಿಟ್ಟು ಹೇಳಲು ಪುರುಸೊತ್ತಿಲ್ಲ, ಸ್ಟೇಡಿಯಂ ಗದ್ದಲದಲ್ಲಿ ಹೇಳಿದರೂ ಕೇಳುವುದಿಲ್ಲ. ಪಕ್ಕದವನ ಸೊಂಟ ಎತ್ತ ವಾಲಿತು ಎಂಬುದರಿಂದಲೇ ತಿಳಿಯಬೇಕು. ಕಬಡ್ಡಿಯಲ್ಲಿ ಕೈ ಹಿಡಿದು ಚೈನ್ ಕಟ್ಟಿದ ಇಬ್ಬರಲ್ಲಿ ಒಬ್ಬ ಅರ್ಧ ಹೆಜ್ಜೆ ಮೊದಲು ಹೊರಟರೆ ರೈಡರ್ ಹೇಗೆ ಆ ನಡುವಿನಿಂದಲೇ ಜಾರಿಹೋಗುತ್ತಾನೋ, ಇಲ್ಲೂ ಹಾಗೆಯೇ.

ಪಕ್ಕದಲ್ಲಿ ನಿನ್ನೆ ಬಂದವನು ನಿಂತಿದ್ದರೆ ಆ ಸೊಂಟದ ಭಾಷೆ ತಿಳಿಯುವುದಾದರೂ ಹೇಗೆ?

ಇನ್ನು ಎಡ ಬಲದ ವಿಷಯ. ಟ್ಯಾಕಲ್ ತಾನೇ, ಬಲಗಡೆಯವನನ್ನು ಎಡಕ್ಕೆ ನಿಲ್ಲಿಸಿದರಾಯಿತು ಎಂದು ಟಿವಿ ಮುಂದೆ ಕೂತವರಿಗೆ ಅನ್ನಿಸುತ್ತದೆ. ಆದರೆ ಹಿಂದೆ ಸರಿಯುವ ಕಾಲು ಬದಲಾಗುತ್ತದೆ, ಮೊದಲು ಚಾಚುವ ಕೈ ಬದಲಾಗುತ್ತದೆ, ಸೊಂಟ ತೆರೆಯುವ ದಿಕ್ಕು ಬದಲಾಗುತ್ತದೆ. ಇಷ್ಟು ವರ್ಷ ಬಲಗೈಯಲ್ಲಿ ಬರೆದವನಿಗೆ ನಾಳೆಯಿಂದ ಎಡಗೈಯಲ್ಲಿ ಬರೆ, ಅಕ್ಷರ ಮಾತ್ರ ಹಾಗೇ ಇರಲಿ ಎಂದ ಹಾಗೆ. ಕೆಲವರು ಮಾಡುತ್ತಾರೆ, ಆದರೆ ಅದಕ್ಕೆ ಸಮಯ ಬೇಕು.

ಆ ಸಮಯವೇ ಇಲ್ಲದಿರುವುದು ಇವತ್ತಿನ ಫುಟ್‌ಬಾಲ್‌ನ ದೊಡ್ಡ ತೊಡಕು. ವಸಂತದ ಅಭ್ಯಾಸಗಳಲ್ಲಿ ಒಬ್ಬರ ಮೇಲೊಬ್ಬರು ನುಗ್ಗುವ ಹಾಗಿಲ್ಲ. ಕ್ಯಾಂಪ್ ಶುರುವಾದ ಮೇಲೂ ಮೊದಲ ಕೆಲವು ದಿನ ಪ್ಯಾಡ್ (ಮೈಗೆ ಕಟ್ಟುವ ರಕ್ಷಾಕವಚ) ಇಲ್ಲ, ದೇಹ ಹದಕ್ಕೆ ಬರಲಿ ಎಂದು. ಆಟಗಾರರ ಸಂಘ ಮತ್ತು ಮಾಲೀಕರ ನಡುವಿನ 2020ರ ಒಪ್ಪಂದದ ಪ್ರಕಾರ ಇಡೀ ಕ್ಯಾಂಪ್‌ನಲ್ಲಿ ಪ್ಯಾಡ್ ಕಟ್ಟಿ ಆಡಬಹುದಾದ ಅಭ್ಯಾಸ ಹೆಚ್ಚೆಂದರೆ 16. ಸೀಸನ್ ಶುರುವಾದ ಮೇಲಂತೂ ಒಟ್ಟು 14, ಅಂದರೆ ವಾರಕ್ಕೆ ಒಂದೂ ಬೀಳುವುದಿಲ್ಲ. ದಿನಕ್ಕೆ ಎರಡು ಹೊತ್ತು ಪ್ಯಾಡ್ ಕಟ್ಟಿ ಆಡಿಸುವ ಹಳೆಯ ಪದ್ಧತಿ 2011ರಲ್ಲೇ ನಿಂತಿತು. ಆಟಗಾರರ ಮಿದುಳು ಮತ್ತು ಮೊಣಕಾಲಿನ ದೃಷ್ಟಿಯಿಂದ ಇದು ಸರಿಯಾದ ನಿರ್ಧಾರ, ಅದರಲ್ಲಿ ನನಗೆ ಎರಡು ಮಾತಿಲ್ಲ. ಕ್ವಾರ್ಟರ್‌ಬ್ಯಾಕ್ ಮತ್ತು ರಿಸೀವರ್ ಪ್ಯಾಡ್ ಇಲ್ಲದೆಯೂ ತಮ್ಮ ಕೆಲಸ ಕಲಿಯಬಹುದು, ಬರೀ ಚೆಡ್ಡಿ ಟೀ ಶರ್ಟ್‌ನಲ್ಲಿ ಬೇಕಾದರೂ ಕಲಿಯಬಹುದು. ಲೈನ್‌ನವರಿಗೆ ಆ ಅನುಕೂಲ ಇಲ್ಲ. ಎದುರಿನಿಂದ 140 ಕಿಲೋ ಬಂದು ಎದೆಗೆ ಬೀಳದೆ ಅವರ ವಿದ್ಯೆ ಮುಂದೆ ಸಾಗುವುದಿಲ್ಲ. ಅವರ ಪಾಲಿಗೆ ವರ್ಷದ ಲೆಕ್ಕ ಆ 16 ದಿನ, ಅಷ್ಟೇ.

ಒಂದು ಬೇಸಿಗೆಯಲ್ಲಿ ಸೇಂಟ್ ಜೋಸೆಫ್‌ಗೆ ಹೋಗಿದ್ದೆ. ನಿಮಗೂ ಗೊತ್ತಿರಬಹುದು, ಕ್ಯಾನ್ಸಸ್ ಸಿಟಿಯಿಂದ ಉತ್ತರಕ್ಕೆ ಸುಮಾರು ಒಂದು ಗಂಟೆ ದಾರಿ. 2010ರಿಂದ ಚೀಫ್ಸ್ ಕ್ಯಾಂಪ್ ಹಾಕುವುದು ಅಲ್ಲಿನ ಮಿಸೂರಿ ವೆಸ್ಟರ್ನ್ ವಿಶ್ವವಿದ್ಯಾಲಯದ ಮೈದಾನದಲ್ಲಿ. ಕೋವಿಡ್ ಇದ್ದ 2020ರಲ್ಲಿ ಮಾತ್ರ ಊರಲ್ಲೇ ನಡೆಸಿದರು. ಜನರೆಲ್ಲ ಮಹೋಮ್ಸ್ ಇದ್ದ ಕಡೆ ಬೇಲಿಗೆ ಅಂಟಿಕೊಂಡಿದ್ದರು. ನಾನು ಮೈದಾನದ ಇನ್ನೊಂದು ಮೂಲೆಗೆ ಹೋಗಿ ನಿಂತೆ, ಅಲ್ಲಿ ಲೈನ್‌ನವರು ಬೇರೆಯಾಗಿ ಅಭ್ಯಾಸ ಮಾಡುತ್ತಿದ್ದರು. ಬೆಳಗಿನ ಹೊತ್ತೇ ಆದರೂ ಸೆಕೆಗೆ ಉಸಿರು ಕಟ್ಟುತ್ತಿತ್ತು. ಒಬ್ಬ ದೊಡ್ಡ ಹುಡುಗ ಮೊದಲ ಎರಡು ಹೆಜ್ಜೆಯನ್ನಷ್ಟೇ ಇಡುವುದು, ನಿಲ್ಲುವುದು, ವಾಪಸು ಬಂದು ಬಗ್ಗುವುದು, ಮತ್ತೆ ಎರಡು ಹೆಜ್ಜೆ. ಲೆಕ್ಕ ಇಡಲು ಹೋಗಿ ಇಪ್ಪತ್ತಕ್ಕೆ ಬಿಟ್ಟೆ. ಪ್ರತಿ ಸಲವೂ ಅವನ ಹೊರಗಾಲು ಒಂದೇ ಜಾಗಕ್ಕೆ ಬೀಳುತ್ತಿತ್ತು, ಹುಲ್ಲು ಅಷ್ಟಗಲ ಸವೆದು ಮಣ್ಣು ಕಾಣುತ್ತಿತ್ತು. ಆ ಮಣ್ಣಿನ ಗುರುತು ನನಗೆ ಇವತ್ತಿಗೂ ನೆನಪಿದೆ. ಈ ಆಟದಲ್ಲಿ ನಾನು ಲೈನ್‌ನವರನ್ನು ನೋಡಲು ಶುರು ಮಾಡಿದ್ದು ಆವತ್ತಿನಿಂದ.

ಈಗ 2021ಕ್ಕೆ ಬರೋಣ. ಆ ಕ್ಯಾಂಪ್‌ನ ಆತಂಕ ಅರ್ಥವಾಗಬೇಕಾದರೆ ಅದೇ ವರ್ಷ ಫೆಬ್ರವರಿ 7ರಂದು ಟ್ಯಾಂಪಾದಲ್ಲಿ ನಡೆದ 55ನೇ ಸೂಪರ್ ಬೌಲ್, ಅಂದರೆ ಸೀಸನ್‌ನ ಅಂತಿಮ ಪಂದ್ಯ, ನೆನೆಯಬೇಕು. ಚೀಫ್ಸ್ ತಂಡದ ಎರಡೂ ಟ್ಯಾಕಲ್‌ಗಳು ಅಂದು ಇರಲಿಲ್ಲ. ಬಲ ಟ್ಯಾಕಲ್ ಮಿಚೆಲ್ ಶ್ವಾರ್ಟ್ಜ್ ಬೆನ್ನುನೋವಿನಿಂದ ಸೀಸನ್ ನಡುವೆಯೇ ಹೊರಗಾಗಿದ್ದರು. ಎಡ ಟ್ಯಾಕಲ್ ಎರಿಕ್ ಫಿಶರ್‌ಗೆ ಎರಡು ವಾರ ಹಿಂದೆ ಬಫಲೋ ವಿರುದ್ಧದ ಪಂದ್ಯದಲ್ಲಿ ಹಿಮ್ಮಡಿಯ ಸ್ನಾಯು ಹರಿದಿತ್ತು. ಬಲ ಗಾರ್ಡ್ ಆಗಿದ್ದ ಲೋರಾಂ ಡುವೆರ್ನೆ-ಟಾರ್ಡಿಫ್ ವೈದ್ಯರೂ ಹೌದು. ಕೋವಿಡ್ ಬಂದಾಗ ಆಟ ಬಿಟ್ಟು ಮಾಂಟ್ರಿಯಲ್ ಕಡೆಯ ಆರೈಕೆ ಕೇಂದ್ರದಲ್ಲಿ ಕೆಲಸಕ್ಕೆ ಹೋಗಿದ್ದರು.

ಇಲ್ಲಿ ಒಂದು ವಿಷಯ ಗಮನಿಸಿ, ನಿಮ್ಮ ಪ್ರಶ್ನೆಗೆ ಇದಕ್ಕಿಂತ ನೇರ ಉತ್ತರ ನನ್ನ ಹತ್ತಿರ ಇಲ್ಲ. ಫಿಶರ್ ಬಿದ್ದಾಗ ಖಾಲಿಯಾದದ್ದು ಒಂದು ಜಾಗ. ಅದನ್ನು ತುಂಬಲು ಬಲ ಟ್ಯಾಕಲ್‌ನಲ್ಲಿ ಆಡುತ್ತಿದ್ದ ಮೈಕ್ ರೆಮ್ಮರ್ಸ್ ಎಡಕ್ಕೆ ಹೋದರು. ರೆಮ್ಮರ್ಸ್ ಜಾಗಕ್ಕೆ ಬಲ ಗಾರ್ಡ್ ಆಂಡ್ರ್ಯೂ ವೈಲಿ ಬಂದರು. ವೈಲಿ ಜಾಗಕ್ಕೆ ಸ್ಟೆಫನ್ ವಿಸ್ನೆವ್ಸ್ಕಿ. ಒಬ್ಬ ಬಿದ್ದದ್ದಕ್ಕೆ ಮೂರು ಜಾಗ ಕದಲಿತು, ಅದೂ ಸೂಪರ್ ಬೌಲ್‌ಗೆ ಎರಡೇ ವಾರ ಇರುವಾಗ. ಯುದ್ಧಕಾಲೇ ಶಸ್ತ್ರಾಭ್ಯಾಸ ಎನ್ನುತ್ತಾರಲ್ಲ, ಅದೇ ಆಯಿತು. ಟ್ಯಾಂಪಾ ಬೇ 31, ಚೀಫ್ಸ್ 9. ಮಹೋಮ್ಸ್ ಮೇಲೆ 29 ಬಾರಿ ಒತ್ತಡ ಬಿತ್ತು, ಸೂಪರ್ ಬೌಲ್ ಇತಿಹಾಸದಲ್ಲಿ ಯಾವ ಕ್ವಾರ್ಟರ್‌ಬ್ಯಾಕ್‌ಗೂ ಅಷ್ಟು ಬಿದ್ದಿರಲಿಲ್ಲ. ಚೆಂಡು ಎಸೆಯುವ ಮೊದಲು ಜೀವ ಉಳಿಸಿಕೊಳ್ಳಲು ಅವರು ಹಿಂದೆ ಮುಂದೆ ಓಡಿದ ದೂರವೇ ಒಟ್ಟು 497 ಯಾರ್ಡ್, ಹೆಚ್ಚುಕಡಿಮೆ 450 ಮೀಟರ್. ನೆಲಕ್ಕೆ ಬೀಳುತ್ತಾ, ದೇಹ ಅಡ್ಡವಾಗಿ ಗಾಳಿಯಲ್ಲಿದ್ದಾಗಲೇ ಅವರು ಎಸೆದ ಒಂದು ಚೆಂಡು ಅದನ್ನು ಹಿಡಿಯಬೇಕಿದ್ದ ಜೊತೆಗಾರನ ಮುಖಕ್ಕೇ ಬಂದು ತಾಗಿತ್ತು. ಅಂಥ ಪ್ರತಿಭೆ ಇದ್ದೂ ತಂಡಕ್ಕೆ ಅಂದು ಒಂದೇ ಒಂದು ಟಚ್‌ಡೌನ್ ಬರಲಿಲ್ಲ.

ಮಾರ್ಚ್‌ನಲ್ಲಿ ತಂಡ ಫಿಶರ್, ಶ್ವಾರ್ಟ್ಜ್ ಇಬ್ಬರನ್ನೂ ಬಿಟ್ಟುಬಿಟ್ಟಿತು. ಮುರಿದ ಗೋಡೆಗೆ ತೇಪೆ ಹಾಕುವ ಬದಲು ಅಡಿಪಾಯದಿಂದ ಕಟ್ಟಲು ಹೊರಟರು. ನ್ಯೂ ಇಂಗ್ಲೆಂಡ್‌ನ ಎಡ ಗಾರ್ಡ್ ಜೋ ಥೂನಿಯನ್ನು ಐದು ವರ್ಷಕ್ಕೆ 8 ಕೋಟಿ ಡಾಲರ್ ಕೊಟ್ಟು ಕರೆತಂದರು. ಡ್ರಾಫ್ಟ್‌ನಲ್ಲಿ, ಅಂದರೆ ಕಾಲೇಜು ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವಾಗ, ತಮಗಿದ್ದ ಮೊದಲ ಸುತ್ತಿನ ಆಯ್ಕೆಯನ್ನೂ ಬಿಟ್ಟುಕೊಟ್ಟು ಬಾಲ್ಟಿಮೋರ್‌ನಿಂದ ಒರ್ಲ್ಯಾಂಡೊ ಬ್ರೌನ್ ಜೂನಿಯರ್‌ನನ್ನು ತಂದರು. ಬ್ರೌನ್ ಅಲ್ಲಿ ಹೆಚ್ಚಾಗಿ ಆಡಿದ್ದು ಬಲಗಡೆ. ಆದರೆ ಮಗ ಎಡ ಟ್ಯಾಕಲ್ ಆಗಬೇಕು ಎನ್ನುವುದು, ತಾನೂ ಇದೇ ಆಟದಲ್ಲಿದ್ದು ತೀರಿಕೊಂಡ ಅಪ್ಪನ ಆಸೆಯಾಗಿತ್ತು, ಅದನ್ನು ಬ್ರೌನ್ ಅವರೇ ಹೇಳಿಕೊಂಡಿದ್ದರು. ಎರಡನೇ ಸುತ್ತಿನಲ್ಲಿ, ಒಟ್ಟಾರೆ 63ನೆಯವನಾಗಿ ಓಕ್ಲಹೋಮಾದ ಸೆಂಟರ್ ಕ್ರೀಡ್ ಹಂಫ್ರಿ ಸಿಕ್ಕರು. ಆರನೇ ಸುತ್ತಿನಲ್ಲಿ, 226ನೆಯವನಾಗಿ ಟೆನೆಸಿಯ ಟ್ರೇ ಸ್ಮಿತ್. ಸ್ಮಿತ್ ಅಷ್ಟು ಕೆಳಗೆ ಉಳಿಯಲು ಆಟ ಕಾರಣವಲ್ಲ. ಕಾಲೇಜಿನಲ್ಲಿದ್ದಾಗ ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿತ್ತು, ತಂಡಗಳು ಹೆದರಿ ಹಿಂಜರಿದವು. ಇವರಲ್ಲದೆ ಕೈಲ್ ಲಾಂಗ್ ನಿವೃತ್ತಿಯಿಂದ ವಾಪಸು ಬಂದರು, ಆಸ್ಟಿನ್ ಬ್ಲೈಥ್ ಬಂದರು, ಡುವೆರ್ನೆ-ಟಾರ್ಡಿಫ್ ಆಸ್ಪತ್ರೆಯಿಂದ ಮೈದಾನಕ್ಕೆ ಮರಳಿದರು.

ಕ್ಯಾಂಪ್ ಬಾಗಿಲು ತೆರೆದಾಗ ಹೆಸರುಗಳು ಬೇಕಾದಷ್ಟು ಇದ್ದವು, ಆದರೆ ಲೈನ್ ಇರಲಿಲ್ಲ. ಸೆಂಟರ್ ಹೊಸಬನೋ ಅನುಭವಿ ಬ್ಲೈಥೋ? ಬಲ ಗಾರ್ಡ್ ಡಾಕ್ಟರೋ, ಆರನೇ ಸುತ್ತಿನ ಹುಡುಗನೋ? ಬ್ರೌನ್ ಇಡೀ ವರ್ಷ ಎಡಗಡೆ ತಾಳುತ್ತಾರೋ? ಲಾಂಗ್‌ಗೆ ಕ್ಯಾಂಪ್‌ಗೆ ಮುಂಚೆಯೇ ಕಾಲಿಗೆ ಪೆಟ್ಟಾಗಿತ್ತು. ಕ್ಯಾಂಪ್ ನಡೆಯುವಾಗ ಡುವೆರ್ನೆ-ಟಾರ್ಡಿಫ್ ಕೈ ಮುರಿಯಿತು. ಕೋವಿಡ್ ವರ್ಷ ಆಡದೇ ಉಳಿದಿದ್ದ ಲೂಕಸ್ ನಿಯಾಂಗ್ ಬಲ ಟ್ಯಾಕಲ್ ಜಾಗಕ್ಕೆ ಸ್ಪರ್ಧೆಯಲ್ಲಿದ್ದರು, ಈ ತಂಡಗಳೆಲ್ಲ ಆಡುವ ಲೀಗ್ ಎನ್‌ಎಫ್‌ಎಲ್‌ನಲ್ಲಿ ಅದುವರೆಗೆ ಒಂದು ಪಂದ್ಯವನ್ನೂ ಆಡಿರಲಿಲ್ಲ. ಹೊರಗಿನಿಂದ ನೋಡುವವರಿಗೆ ಎಲ್ಲವೂ ಅತಂತ್ರ. ಇನ್ನೊಂದು ಸಣ್ಣ ಸಂಗತಿಯೂ ಇತ್ತು. ಹಂಫ್ರಿ ಎಡಚ. ಎಡಗೈಯಿಂದ ಸ್ನ್ಯಾಪ್ ಕೊಟ್ಟ ಚೆಂಡು ತಿರುಗುತ್ತಾ ಬರುವ ರೀತಿಯೇ ಬೇರೆ, ಹಿಂದೆ ನಿಂತವನ ಬೆರಳಿಗೆ ಹೊಲಿಗೆ ಸಿಗುವ ಜಾಗವೂ ಬೇರೆ. ಅದಕ್ಕೂ ಕೈ ಪಳಗಬೇಕು.

ಕೋಚ್ ಆಂಡಿ ರೀಡ್ ಕಾಲೇಜು ದಿನಗಳಲ್ಲಿ ಸ್ವತಃ ಲೈನ್‌ನಲ್ಲಿ ಆಡಿದವರು. ಲೈನ್ ಕೋಚ್ ಆಂಡಿ ಹೆಕ್ ಎನ್‌ಎಫ್‌ಎಲ್‌ನಲ್ಲೇ ವರ್ಷಗಟ್ಟಲೆ ಟ್ಯಾಕಲ್ ಆಗಿದ್ದವರು. ಅವರಿಬ್ಬರು ತೆಗೆದುಕೊಂಡ ನಿರ್ಧಾರ ಧೈರ್ಯದ್ದು, ನನ್ನ ಮಟ್ಟಿಗೆ ಆ ಬೇಸಿಗೆಯ ಅತಿ ಮುಖ್ಯ ನಿರ್ಧಾರವೂ ಅದೇ: ಇಬ್ಬರು ಹೊಸ ಹುಡುಗರನ್ನು ಒಳಗೆ ಅಕ್ಕಪಕ್ಕ ನಿಲ್ಲಿಸಿ, ತಪ್ಪು ಮಾಡಿದರೂ ಅಲ್ಲೇ ಬಿಟ್ಟರು. ದಿನಕ್ಕೊಬ್ಬರನ್ನು ನಿಲ್ಲಿಸಿ ಪರೀಕ್ಷೆ ಮಾಡಲಿಲ್ಲ. ಸೆಪ್ಟೆಂಬರ್ 12ರಂದು ಕ್ಲೀವ್‌ಲ್ಯಾಂಡ್ ವಿರುದ್ಧ ಸೀಸನ್ ಶುರುವಾದಾಗ ಎಡದಿಂದ ಬಲಕ್ಕೆ ಬ್ರೌನ್, ಥೂನಿ, ಹಂಫ್ರಿ, ಸ್ಮಿತ್, ನಿಯಾಂಗ್. ಟ್ಯಾಂಪಾದಲ್ಲಿ ನಿಂತಿದ್ದ ಐವರಲ್ಲಿ ಒಬ್ಬರೂ ಆ ಸಾಲಿನಲ್ಲಿರಲಿಲ್ಲ. ಚೀಫ್ಸ್ 33-29ರಿಂದ ಗೆದ್ದಿತು. ಥೂನಿ, ಹಂಫ್ರಿ, ಸ್ಮಿತ್ ಮೂವರೂ ಆ ವರ್ಷದ ಹದಿನೇಳೂ ಪಂದ್ಯಗಳಲ್ಲಿ ಶುರುವಿನಿಂದ ಆಡಿದರು. ಥೂನಿ ನಡುವೆ ಕೈ ಮುರಿದುಕೊಂಡಿದ್ದರು, ಮುಷ್ಟಿಗೆ ದಪ್ಪ ಕಟ್ಟು ಕಟ್ಟಿಸಿಕೊಂಡು ಆಡಿದರು.

ಫಲ ಪೂರ್ತಿ ಕಂಡದ್ದು 2023ರ ಫೆಬ್ರವರಿ 12ರಂದು, 57ನೇ ಸೂಪರ್ ಬೌಲ್‌ನಲ್ಲಿ. ಎದುರಿಗೆ ಫಿಲಡೆಲ್ಫಿಯಾ ಈಗಲ್ಸ್. ಆ ಸೀಸನ್‌ನಲ್ಲಿ ಕ್ವಾರ್ಟರ್‌ಬ್ಯಾಕ್‌ಗಳನ್ನು ಚೆಂಡು ಕೈಯಲ್ಲಿರುವಾಗಲೇ 70 ಬಾರಿ ಕೆಡವಿದ್ದ ತಂಡ ಅದು. ಅಂದು ಮಹೋಮ್ಸ್ ಅವರನ್ನು ಒಮ್ಮೆಯೂ ಕೆಡವಲಾಗಲಿಲ್ಲ. ಒಂದೇ ಒಂದು ಸ್ಯಾಕ್ ಇಲ್ಲ. 38-35. ಅರಿಜೋನಾದ ಆ ಹುಲ್ಲು ಜಾರುತ್ತಿತ್ತು, ನುಗ್ಗುವವರಿಗೆ ಕಾಲೂರಲು ಆಗುತ್ತಿರಲಿಲ್ಲ ಎಂಬ ಮಾತು ಆಮೇಲೆ ಬಂತು, ಅದರಲ್ಲಿ ನಿಜವಿದೆ. ಆದರೆ ನಾನು ನಿಮಗೆ ತೋರಿಸಬೇಕೆಂದಿರುವುದು ಬಲ ಟ್ಯಾಕಲ್ ಜಾಗವನ್ನು. ನಿಯಾಂಗ್‌ಗೆ 2022ರ ಜನವರಿಯಲ್ಲಿ ಮೊಣಕಾಲು ಹೋಗಿತ್ತು. ಆ ದಿನ ಅಲ್ಲಿ ನಿಂತಿದ್ದು ಆಂಡ್ರ್ಯೂ ವೈಲಿ. ಟ್ಯಾಂಪಾದಲ್ಲಿ ಅದೇ ಬಲ ಟ್ಯಾಕಲ್ ಜಾಗದಲ್ಲಿ ನಿಂತು ಇಡೀ ಅಮೆರಿಕದಿಂದ ಬೈಸಿಕೊಂಡ ಅದೇ ವೈಲಿ! ಟ್ಯಾಂಪಾದಲ್ಲಿ ಅವರು ಎರಡು ವಾರದ ಹಿಂದೆ ಬಂದು ನಿಂತವರು, ಪಕ್ಕದವರೂ ಅಷ್ಟೇ ಹೊಸಬರು. ಅರಿಜೋನಾದಲ್ಲಿ ಪಕ್ಕಕ್ಕೆ ಸ್ಮಿತ್, ಅದರಾಚೆ ಹಂಫ್ರಿ, ಒಂದು ಇಡೀ ಸೀಸನ್ ಒಟ್ಟಿಗೆ ಆಡಿದವರು.

ಫಿಲಡೆಲ್ಫಿಯಾ ಕಡೆಯೂ 2021ರ ಆಗಸ್ಟ್‌ನಲ್ಲಿ ಇಂಥದೇ ಗೊಂದಲ ಇತ್ತೆಂಬುದು ಬಹಳ ಜನಕ್ಕೆ ನೆನಪಿಲ್ಲ. ಎಡ ಟ್ಯಾಕಲ್‌ಗೆ ಇಬ್ಬರ ಪೈಪೋಟಿ. ಒಬ್ಬರು 2019ರ ಮೊದಲ ಸುತ್ತಿನ ಆಯ್ಕೆ ಆಂಡ್ರೆ ಡಿಲ್ಲರ್ಡ್. ಇನ್ನೊಬ್ಬರು 2018ರ ಏಳನೇ ಸುತ್ತಿನ ಜೋರ್ಡನ್ ಮೈಲಾಟಾ, ಆಸ್ಟ್ರೇಲಿಯಾದಿಂದ ಬಂದ ರಗ್ಬಿ ಆಟಗಾರ, ಡ್ರಾಫ್ಟ್ ಆಗುವ ಹೊತ್ತಿಗೆ ಅಮೆರಿಕನ್ ಫುಟ್‌ಬಾಲ್‌ನ ಒಂದು ಪಂದ್ಯವನ್ನೂ ಆಡದವರು. ಗೆದ್ದದ್ದು ಮೈಲಾಟಾ. ಆ ಜಾಗ ಇವತ್ತಿಗೂ ಅವರದೇ. ಕ್ಯಾಂಪ್‌ನಲ್ಲಿ ಡ್ರಾಫ್ಟಿನ ಸುತ್ತು ನೋಡಿ ತೀರ್ಪು ಕೊಡಬಾರದು ಎನ್ನುವುದಕ್ಕೆ ಸ್ಮಿತ್, ಮೈಲಾಟಾ ಇಬ್ಬರೇ ಸಾಕು. 226ನೆಯವನಾಗಿ ಬಂದ ಸ್ಮಿತ್ 2025ರ ಜುಲೈನಲ್ಲಿ ನಾಲ್ಕು ವರ್ಷಕ್ಕೆ 9.4 ಕೋಟಿ ಡಾಲರ್‌ನ ಕರಾರಿಗೆ ಸಹಿ ಹಾಕಿದರು.

ಇನ್ನು ನಿಜವಾಗಿ ಹೆದರಬೇಕಾಗಿದ್ದ ಕ್ಯಾಂಪ್. 2024ರಲ್ಲಿ ಚೀಫ್ಸ್ ಲೈನ್ ನೋಡಿದರೆ ಚಿಂತೆ ಮಾಡುವಂಥದ್ದೇನೂ ಕಾಣುತ್ತಿರಲಿಲ್ಲ. ಥೂನಿ, ಹಂಫ್ರಿ, ಸ್ಮಿತ್ ಗಟ್ಟಿ. ಬಲಕ್ಕೆ ಜವಾನ್ ಟೇಲರ್. ಗೊತ್ತಾಗದೆ ಉಳಿದದ್ದು ಒಂದೇ ಜಾಗ, ಎಡ ಟ್ಯಾಕಲ್. ಆ ವರ್ಷದ ಡ್ರಾಫ್ಟಿನಲ್ಲಿ, ಕಾಕತಾಳೀಯ ನೋಡಿ, ಹಂಫ್ರಿ ಸಿಕ್ಕ ಅದೇ 63ನೇ ಆಯ್ಕೆಯಲ್ಲಿ ಕಿಂಗ್ಸ್‌ಲಿ ಸುವಾಮಟಾಯಾ ಬಂದಿದ್ದರು. ಕ್ಯಾಂಪ್‌ನಲ್ಲಿ ಅವರಿಗೂ ವಾನ್ಯಾ ಮಾರಿಸ್‌ಗೂ ಪೈಪೋಟಿ, ಕೊನೆಗೆ ಹೊಸ ಹುಡುಗನಿಗೇ ಜಾಗ ಸಿಕ್ಕಿತು. ಎರಡನೇ ವಾರ, ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗುವುದರಲ್ಲಿ ಹೆಸರಾದ ಸಿನ್ಸಿನಾಟಿಯ ಟ್ರೇ ಹೆಂಡ್ರಿಕ್ಸನ್ ಎದುರಾದರು. ನಾಲ್ಕನೇ ಕ್ವಾರ್ಟರ್‌ನಲ್ಲಿ ಸುವಾಮಟಾಯಾ ಬೆಂಚಿಗೆ ಬಂದರು. ಆಮೇಲೆ ಮಾರಿಸ್. ಆಮೇಲೆ ನವೆಂಬರ್‌ನಲ್ಲಿ ಹೊರಗಿನಿಂದ ಡಿ.ಜೆ. ಹಂಫ್ರೀಸ್ ಅವರನ್ನು ಕರೆತಂದರು, ಅವರಿಗೆ ತೊಡೆಯ ಸ್ನಾಯು ಹಿಡಿಯಿತು. ಕೊನೆಗೆ ಗಾರ್ಡ್ ಆಗಿ ನೆಲೆನಿಂತಿದ್ದ ಥೂನಿಯನ್ನೇ ಎಡ ಟ್ಯಾಕಲ್‌ಗೆ ಸರಿಸಿದರು, ಅವರ ಜಾಗಕ್ಕೆ ಮೈಕ್ ಕ್ಯಾಲಿಯೆಂಡೊ. ಒಂದು ತೂತು ಮುಚ್ಚಲು ಹೋಗಿ ಎರಡು ಜಾಗ ಹೊಸದಾಯಿತು.

ಹಾಗಿದ್ದೂ ತಂಡ ಸೀಸನ್‌ನಲ್ಲಿ 15 ಗೆದ್ದು ಎರಡೇ ಸೋತಿತು. ಗೆಲುವು ಬರುತ್ತಿರುವಾಗ ತೂತು ಕಾಣುವುದಿಲ್ಲ, ಕಂಡರೂ ಹೇಳಿದವರನ್ನು ಯಾರೂ ಕೇಳುವುದಿಲ್ಲ. 2025ರ ಫೆಬ್ರವರಿ 9ರಂದು ನ್ಯೂ ಆರ್ಲಿಯನ್ಸ್‌ನಲ್ಲಿ ನಡೆದ 59ನೇ ಸೂಪರ್ ಬೌಲ್‌ನಲ್ಲಿ ಅದೇ ಈಗಲ್ಸ್ ಎದುರಾಯಿತು. ಮಹೋಮ್ಸ್ ಆರು ಸಲ ನೆಲ ಕಂಡರು, ಅವರ ವೃತ್ತಿಜೀವನದಲ್ಲೇ ಒಂದು ಪಂದ್ಯದಲ್ಲಿ ಅದು ಅತಿ ಹೆಚ್ಚು. 40-22. ನೋವಾಗುವ ವಿಷಯ ಏನೆಂದರೆ ಈಗಲ್ಸ್ ಒಮ್ಮೆಯೂ ಬ್ಲಿಟ್ಜ್ ಮಾಡಲಿಲ್ಲ, ಅಂದರೆ ಹೆಚ್ಚುವರಿ ಜನರನ್ನು ನುಗ್ಗಿಸಲಿಲ್ಲ. ನಾಲ್ಕೇ ಜನರನ್ನು ಬಿಟ್ಟು ಐವರ ಸಾಲನ್ನು ಒಡೆದರು. ನಾನು ಮೇಲೆ ಹೇಳಿದ ಆ ಕೊಡುಕೊಳ್ಳುವ ಅರ್ಧ ಸೆಕೆಂಡು ಆ ರಾತ್ರಿ ಮತ್ತೆ ಮತ್ತೆ ತಪ್ಪಿತು.

ಇವೆರಡನ್ನು ಪಕ್ಕಪಕ್ಕ ಇಟ್ಟು ನೋಡಿ. 2021ರ ಜುಲೈನಲ್ಲಿ ಐದು ಜಾಗವೂ ಹೊಸದು, ಎಲ್ಲರೂ ಹೆದರಿದ್ದರು. ಸೆಪ್ಟೆಂಬರ್ ಹೊತ್ತಿಗೆ ಐವರು ಗೊತ್ತಾಗಿ ನಿಂತರು. 2024ರಲ್ಲಿ ಗೊತ್ತಾಗದ್ದು ಒಂದೇ ಜಾಗ, ಅಷ್ಟು ಜನ ಹೆದರಲಿಲ್ಲ. ಆ ಒಂದು ಜಾಗ ಫೆಬ್ರವರಿವರೆಗೂ ಗೊತ್ತಾಗಲಿಲ್ಲ. ಹಾಗಾಗಿ ಎಷ್ಟು ಹೆಸರು ಹೊಸದು ಎಂದು ಎಣಿಸುವುದನ್ನು ನಾನು ಬಿಟ್ಟಿದ್ದೇನೆ. ಯಾವ ದಿನದಿಂದ ಅದೇ ಐವರು ಅಕ್ಕಪಕ್ಕ ನಿಲ್ಲಲು ಶುರು ಮಾಡಿದರು ಎನ್ನುವುದನ್ನಷ್ಟೇ ನೋಡುತ್ತೇನೆ.

ನೀವೂ ಕ್ಯಾಂಪ್ ಸುದ್ದಿ ಓದುವಾಗ ಹಾಗೇ ಓದಿ. ಪ್ಯಾಡ್ ಕಟ್ಟುವ ಮುಂಚಿನ ವರದಿಗಳಲ್ಲಿ ಯಾರೋ ‘ಅದ್ಭುತವಾಗಿ ಕಾಣುತ್ತಿದ್ದಾನೆ’ ಎಂದು ಬಂದರೆ ಅದನ್ನು ಅಲ್ಲಿಗೇ ಬಿಡಿ. ಒಬ್ಬರಿಗೊಬ್ಬರು ಎದುರಾಗುವ ಅಭ್ಯಾಸದ ವಿಡಿಯೋಗಳು ಹರಿದಾಡುತ್ತವೆ, ಹೊಸ ಹುಡುಗ ಮುಗ್ಗರಿಸಿ ಬೀಳುವುದನ್ನು ನೋಡಿ ನಿಮ್ಮ ಮಗ ಬೇಜಾರಾಗಬಹುದು. ಅವನಿಗೆ ಹೇಳಿ: ಆ ಅಭ್ಯಾಸವೇ ನುಗ್ಗುವವನ ಪರ. ಅವನಿಗೆ ಎರಡೂ ಬದಿ ಬಯಲು, ತಡೆಯುವವನಿಗೆ ಪಕ್ಕದಲ್ಲಿ ಯಾರೂ ಇಲ್ಲ. ನಿಜವಾದ ಆಟದಲ್ಲಿ ಅಂಥ ಬಯಲು ಸಿಗುವುದು ಕಡಿಮೆ. ಅದಕ್ಕಿಂತ ಎರಡನೇ ವಾರದಲ್ಲೂ ಫಾಲ್ಸ್ ಸ್ಟಾರ್ಟ್ ನಿಂತಿಲ್ಲ, ಸ್ನ್ಯಾಪ್ ತಲೆಯ ಮೇಲೆ ಹೋಗುತ್ತಿದೆ ಎಂಬ ಸುದ್ದಿ ಬಂದರೆ ಅದು ನನ್ನನ್ನು ಹೆಚ್ಚು ಕಾಡುತ್ತದೆ, ಏಕೆಂದರೆ ಅದು ಐವರ ತಾಳ ಇನ್ನೂ ಕೂಡಿಲ್ಲ ಎಂಬುದರ ಗುರುತು.

ಒಬ್ಬನನ್ನು ಎಡ, ಬಲ, ಗಾರ್ಡ್, ಟ್ಯಾಕಲ್ ಎಂದು ಎಲ್ಲ ಕಡೆ ನಿಲ್ಲಿಸುತ್ತಿದ್ದರೆ ಅವನು ಯಾರು ಎಂದು ನೋಡಿ. ಆರನೆಯವನೋ ಏಳನೆಯವನೋ ಆಗಿದ್ದರೆ ಒಳ್ಳೆಯದೇ, ಯಾರು ಬಿದ್ದರೂ ಹೋಗಿ ನಿಲ್ಲುವಂಥ ಒಬ್ಬ ಪ್ರತಿ ತಂಡಕ್ಕೂ ಬೇಕು. ಪಂದ್ಯದ ದಿನ 48 ಜನರನ್ನು ಕಣಕ್ಕಿಳಿಸಬೇಕಾದರೆ ಅವರಲ್ಲಿ ಕನಿಷ್ಠ ಎಂಟು ಮಂದಿ ಆಫೆನ್ಸಿವ್ ಲೈನ್‌ನವರೇ ಇರಬೇಕು, ಇಲ್ಲದಿದ್ದರೆ 47 ಎಂದು ನಿಯಮವೇ ಇದೆ. ಆದರೆ ಮೊದಲ ಐವರಲ್ಲಿ ಇರಬೇಕಾದವನನ್ನೇ ಆಗಸ್ಟ್ ಮೂರನೇ ವಾರದಲ್ಲಿ ಜಾಗದಿಂದ ಜಾಗಕ್ಕೆ ಓಡಾಡಿಸುತ್ತಿದ್ದರೆ, ಕೋಚ್‌ಗಳಿಗೇ ಉತ್ತರ ಸಿಕ್ಕಿಲ್ಲ ಎಂದು ತಿಳಿಯಿರಿ. ಕೊನೆಗೆ 90 ಜನರ ಪಟ್ಟಿ 53ಕ್ಕೆ ಇಳಿಯುವ ದಿನ ತಂಡ ಹೊರಗಿನಿಂದ ವಯಸ್ಸಾದ ಟ್ಯಾಕಲ್‌ನನ್ನು ಹುಡುಕಿ ತಂದರೆ, ಆ ಒಂದು ಸಹಿ ಕ್ಯಾಂಪ್‌ನ ಅಷ್ಟೂ ದಿನದ ಹೇಳಿಕೆಗಳಿಗಿಂತ ಹೆಚ್ಚು ಹೇಳುತ್ತದೆ.

ಸುವಾಮಟಾಯಾ ಏನಾದರು ಎಂದು ನಿಮ್ಮ ಮಗ ಕೇಳಿಯೇ ಕೇಳುತ್ತಾನೆ. ಆ ಸೋಲಿನ ಮುಂದಿನ ತಿಂಗಳೇ ಚೀಫ್ಸ್ ಥೂನಿಯನ್ನು ಶಿಕಾಗೋಗೆ ಕೊಟ್ಟಿತು. ಏಪ್ರಿಲ್‌ನಲ್ಲಿ ಮೊದಲ ಸುತ್ತಿನ 32ನೇ ಆಯ್ಕೆಯಾಗಿ ಓಹಾಯೋ ಸ್ಟೇಟ್‌ನ ಜೋಶ್ ಸಿಮನ್ಸ್ ಬಂದರು, ಮೊಣಕಾಲಿನ ಸ್ನಾಯು ಹರಿದು ಕಾಲೇಜಿನ ಕೊನೆಯ ಸೀಸನ್ ಅರ್ಧಕ್ಕೇ ನಿಂತಿದ್ದ ಹುಡುಗ. ಆ ಬೇಸಿಗೆ ಸೇಂಟ್ ಜೋಸೆಫ್‌ನಲ್ಲಿ ಸುವಾಮಟಾಯಾ ಟ್ಯಾಕಲ್ ಬಿಟ್ಟು ಎಡ ಗಾರ್ಡ್ ಕೆಲಸ ಕಲಿತರು. ಸೆಪ್ಟೆಂಬರ್ 5ರಂದು ಬ್ರೆಜಿಲ್‌ನ ಸಾವೊ ಪಾಲೊದಲ್ಲಿ ಚಾರ್ಜರ್ಸ್ ವಿರುದ್ಧ ಹೊಸ ಸೀಸನ್ ಶುರುವಾದಾಗ ಎಡ ತುದಿಯಲ್ಲಿ ಸಿಮನ್ಸ್, ಅವರ ಒಳಬದಿಗೆ, ಥೂನಿ ಅಷ್ಟು ವರ್ಷ ನಿಂತಿದ್ದ ಜಾಗದಲ್ಲಿ, ಸುವಾಮಟಾಯಾ ನಿಂತಿದ್ದರು.